ಮಾವನ ಟ್ರಾಲಿಯೂ ನನ್ನ ನೀಲಿ ಬಣ್ಣವೂ

ವಾಹನಗಳ ವೆಲ್ಡಿಂಗ್ ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು, ಅದು ಬಿಡುವ ಮೊದಲೇ ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ನನ್ನ ವಿದ್ಯೆ. ಚಿಕ್ಕೋಡಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಇಷ್ಟಿದ್ದರೂ ರಾಯಬಾಗದ ಹತ್ತಿರವಿರುವ ನನ್ನ ಹೆಂಡತಿಯ ತವರಿನಲ್ಲಿ ನನಗೆ ಸಿಗುವ ಗೌರವ ಹೋಳಿಗೆ-ತುಪ್ಪಕ್ಕೇ ನಿಂತುಬಿಟ್ಟಿತ್ತು. ತಾಟು ತುಂಬ ಬಡಿಸುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ಬೋರ್ ಎಲ್ಲಿ ಹೊಡೆಸಬೇಕು, ಯಾವ ಎಮ್ಮೆ ಮಾರಬೇಕು ಎಂಬ ಚರ್ಚೆ ಶುರುವಾದರೆ ಮಾವ ಅಪ್ಪಾಸಾಹೇಬರು ನನ್ನ ಕಡೆ ತಿರುಗಿ, "ಅಳಿಯಂದ್ರ, ನೀವು ಆರಾಮ ಮಾಡ್ರಿ" ಎನ್ನುತ್ತಿದ್ದರು. ಮದುವೆಯಾದಾಗಿನಿಂದ ನಾನು ಆರಾಮ ಮಾಡುತ್ತಲೇ ಬಂದಿದ್ದೆ!

ಹೀಗಿರುವಾಗ ಒಂದು ಸಲ ಕಬ್ಬಿನ ಹಂಗಾಮಿಗೆ ಮೊದಲು ಅವರೇ ಫೋನ್ ಮಾಡಿದರು. "ಟ್ರಾಲಿ ವೆಲ್ಡಿಂಗ್ ಪ್ರತಿ ವರ್ಷ ಬಿಡಾಕತ್ತೈತ್ರಿ. ನಿಮ್ಮ ಕಂಪ್ಯೂಟರ್‌ನ್ಯಾಗ ಒಮ್ಮೆ ನೋಡ್ತೀರೇನು?"

ಹೆಂಡತಿ ಸುಜಾತಾ ಎಚ್ಚರಿಸಿದಳು: "ಅಪ್ಪ ಒಮ್ಮೆ ಕೇಳ್ಯಾರ. ಇನ್ನೊಮ್ಮೆ ಕೇಳೂಹಂಗ ಮಾಡ್ರಿ."

ಭಾನುವಾರ ಟೇಪು ಹಿಡಿದು ಟ್ರಾಲಿಯ ಕೆಳಗೆ ಅಂಗಾತ ಮಲಗಿ ಅಳತೆ ತೆಗೆದುಕೊಂಡೆ. ಮನೆಗೆ ಬಂದು ಅದನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ಒಂದೊಂದು ಬೆಸುಗೆಯನ್ನೂ ಕೂರಿಸಿ, ಮೇಲೆ ಕಬ್ಬಿನ ಭಾರ ಹೊರಿಸಿದೆ. ಕಂಪ್ಯೂಟರಿಗೆ ಆಯಾಸವಾಗಬಾರದೆಂದು ಸಣ್ಣಪುಟ್ಟ ಸಾಮಾನುಗಳನ್ನು ಮೊದಲೇ ಅಳಿಸಿಬಿಡುವುದು ನಮ್ಮ ಕಸುಬಿನ ಪದ್ಧತಿ. ಆ ಪ್ರಕಾರ ದೀಪ, ಮಡ್‌ಗಾರ್ಡು, ಹಿಂದಿನ ಹುಕ್ಕು, ಎಲ್ಲವನ್ನೂ ಅಳಿಸಿದೆ.

ನಮ್ಮ ಭಾಗದಲ್ಲಿ ಟ್ರ್ಯಾಕ್ಟರು ಕಬ್ಬು ಹೊತ್ತು ಹೊರಟರೆ ಒಂದು ಟ್ರಾಲಿಯ ಬೆನ್ನಿಗೆ ಇನ್ನೊಂದು ಟ್ರಾಲಿ ಇದ್ದೇ ಇರುತ್ತದೆ. ಅದನ್ನು ಕಟ್ಟುವುದು ಆ ಹಿಂದಿನ ಹುಕ್ಕಿಗೇ. ನಾನೇನು ಪರದೇಶದವನಲ್ಲ. ಶೇಡಬಾಳದಲ್ಲಿ ಹುಟ್ಟಿ, ಹಿಂದಿನ ಟ್ರಾಲಿಯಿಂದಲೇ ಕಬ್ಬು ಎಳೆದು ತಿಂದು ದೊಡ್ಡವನಾದವನು. ಆದರೆ ನಾನು ಪಾಠ ಮಾಡುವ ಪುಸ್ತಕದ ಚಿತ್ರದಲ್ಲಿ ಒಂದೇ ಟ್ರಾಲಿ ಇತ್ತು. ನನ್ನ ಕಂಪ್ಯೂಟರಿನಲ್ಲೂ ಒಂದೇ!

ಫಲಿತಾಂಶ ಬಹಳ ಚೆಂದ ಬಂತು. ಲ್ಯಾಪ್‌ಟಾಪನ್ನು ಮಾವನ ಮನೆಯ ಕಟ್ಟೆಯ ಮೇಲಿಟ್ಟು ವಿವರಿಸಿದೆ: "ಕೆಂಪು ಇದ್ದಲ್ಲಿ ಧೋಕಾ. ನೀಲಿ ಇದ್ದಲ್ಲಿ ಚಿಂತಿಲ್ಲ. ಮುಂದ ಕೆಂಪೈತಿ, ಗಟ್ಟಿ ಮಾಡಸ್ರಿ. ಹಿಂದ ಪೂರ್ತಿ ನೀಲಿ."

"ಹಿಂದ ಹುಕ್ಕಿನ ಬುಡಕ್ಕ ಕಬ್ಬಿಣದ ಪಟ್ಟಿ ಮ್ಯಾಲ ಪಟ್ಟಿ ಹಾಕಿಸೇನ್ರಿ. ಅದು?"

"ಬರೀ ಭಾರ. ಕಿತ್ತ ಹಾಕಸ್ರಿ!"

ಮಾವ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀವ ಹೇಳಿದ ಮ್ಯಾಲ ಮುಗೀತ್ರಿ" ಎಂದರು. ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಿಂದಿನ ಪಟ್ಟಿಗಳನ್ನು ಗ್ರೈಂಡರ್ ಹಚ್ಚಿ ಕತ್ತರಿಸಿದರು.

ಮೊದಲ ಲೋಡಿಗೆ ನಾನು ರಜೆ ಹಾಕಿ ಹಾಜರಾದೆ. ಟ್ರ್ಯಾಕ್ಟರ್ ಹೊಡೆಯುವವನು ಸುಜಾತಾಳ ತಮ್ಮ ರಾವಸಾಹೇಬ. ಭಾವನಾದ ನನ್ನನ್ನು 'ದಾಜಿ' ಎಂದು ಕರೆಯುವವನು. ಅವನ ಪಕ್ಕದಲ್ಲಿ ಕುಳಿತೆ. ಎದೆ ನಡುಗುವಷ್ಟು ಜೋರಾಗಿ ಹಾಡು ಹಚ್ಚಿದ್ದ. ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರುವಾಗ ಹಿಂದೆ 'ಟಣ್' ಎಂದಿತು. ಹಾಡಿನದೇ ತಾಳ ಎಂದುಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ರಾವಸಾಹೇಬ ಕೂಗಿದ: "ದಾಜಿ, ಗಾಡಿ ಭಾರಿ ಹಗುರ ಹೊಂಟೈತ್ರಿ!"

"ಎಲ್ಲಾ ಲೆಕ್ಕಾಚಾರ ಐತೆಪಾ" ಎಂದು ಗಂಭೀರವಾಗಿ ಹೇಳಿ ಹಿಂದೆ ತಿರುಗಿ ನೋಡಿದೆ. ಹಿಂದಿನ ಟ್ರಾಲಿ ಇರಲಿಲ್ಲ!

ವಾಪಸು ಹೋಗಿ ನೋಡಿದರೆ ಅದು ರಸ್ತೆಗೆ ಅಡ್ಡಲಾಗಿ ಮೂತಿ ಊರಿ ನಿಂತಿತ್ತು. ಅದರಾಚೆ ಬಸ್ಸು. ಪ್ರಯಾಣಿಕರೆಲ್ಲ ಇಳಿದು ನಮ್ಮದೇ ಕಬ್ಬು ತಿನ್ನುತ್ತಿದ್ದರು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ಆದರೂ ಬಸ್ಸಿನ ಸುತ್ತ ಎರಡು ಸಲ ಓಡಾಡಿ ಅದನ್ನೇ ಖಚಿತಪಡಿಸಿಕೊಂಡೆ. ಅಷ್ಟರಲ್ಲಿ ಮಾವ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರು.

ಕಂಡಕ್ಟರ್ ಸಿಟ್ಟಿನಿಂದ ಕೇಳಿದ: "ಯಾರ್ರೀ ಇದನ್ನ ಹಿಂಗ ಮಾಡಿದವ್ರು?"

ನಾನು ತಲೆ ತಗ್ಗಿಸಿದೆ. ಮಾವ ನನ್ನ ಕಡೆ ನೋಡಲೂ ಇಲ್ಲ. "ಹುಕ್ಕು ಹಳೇದಾಗಿತ್ರಿ. ನಂದ ತಪ್ಪು" ಎಂದರು. ಎಲ್ಲರೆದುರು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮನೆಯಲ್ಲಿ ಸುಜಾತಾ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದಳು. "ಇದರಾಗ ಹಿಂದಿನ ಹುಕ್ಕ ಇಲ್ಲಲ್ರಿ?"

"ಅಳಿಸೇನಿ."

"ಯಾಕ?"

"ಕಂಪ್ಯೂಟರಿಗೆ ಭಾರ ಆಗತೈತಿ ಅಂತ."

"ಟ್ರಾಲಿಗೆ ಆಗೂದಿಲ್ಲೇನು?"

ಹುಕ್ಕಿಗೆ ಮತ್ತೆ ಪಟ್ಟಿ ಮೇಲೆ ಪಟ್ಟಿ ಬಂತು. ಮಾವನಿಂದ ಸಲಹೆ ಕೇಳುವ ಫೋನ್ ಬರಲಿಲ್ಲ. ಹೋಳಿಗೆ-ತುಪ್ಪ ಮಾತ್ರ ಕಡಿಮೆಯಾಗಲಿಲ್ಲ.

ಮುಂದಿನ ದಸರೆಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯೆಂದು ಎಲ್ಲರೂ ಸೇರಿದ್ದೆವು. ಟ್ರ್ಯಾಕ್ಟರು, ಟ್ರಾಲಿ, ನೇಗಿಲು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಮಾವ ಕರೆದರು: "ಅಳಿಯಂದ್ರ, ಟ್ರಾಲಿ ಬಗ್ಗೆ ನಿಮ್ಮನ್ನ ಒಂದು ಮಾತ ಕೇಳೂದಿತ್ರಿ."

ಆರತಿ ತಟ್ಟೆ ಹಿಡಿದಿದ್ದ ಸುಜಾತಾ ಅಲ್ಲೇ ನಿಂತಳು. ನಾನು ಎದೆ ಸೆಟೆಸಿದೆ.

"ಹೊಸಾ ಬಣ್ಣ ಹಚ್ಚಸೂದೈತಿ. ಎಲ್ಲಿ ಯಾವ ಬಣ್ಣ ಅನ್ನೂದು ನಿಮಗ ಚಲೋ ಗೊತ್ತೈತಲ್ರಿ."

ನಾನು ಟ್ರಾಲಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ವಿಷಯದ ಘನತೆಗೆ ತಕ್ಕ ಧ್ವನಿಯಲ್ಲಿ ಹೇಳಿದೆ: "ಹಿಂದಿನ ಹುಕ್ಕಿಗೆ ಕೆಂಪು ಇರ್ಲಿ."

ಹಾಗೆಯೇ ಹಚ್ಚಿಸಿದರು. ವೆಲ್ಡಿಂಗ್ ಕ್ಷೇತ್ರಕ್ಕೆ ನಾನು ಸಲ್ಲಿಸಿದ ಸೇವೆಯಲ್ಲಿ ಇನ್ನೂ ಕಿತ್ತು ಬರದೆ ಉಳಿದಿರುವುದು ಆ ಬಣ್ಣವೊಂದೇ.