ಹೆಣ್ಣು ನೋಡಿದ ಹಾಗೆ ಸಂಸ್ಥೆ ನೋಡಿದ್ದು

ನಮ್ಮ ಮಸ್ಕಿಯ ಸಂಘದ ಹೆಂಗಸರು ಒಂದು ಒಳ್ಳೆಯ ಕೆಲಸ ಮಾಡೋಣ ಅಂತ ಚಾಪೆ ಹಾಸಿದರೆ ಸಾಕು, ನಾವು ಕೂಡುವ ಮೊದಲೇ ನಗುವ ಸಂಗತಿಯೊಂದು ಬಂದು ಕೂತಿರುತ್ತದೆ. ಈ ಸಲವೂ ಹಾಗೇ ಆಯಿತು. ಆದರೆ ಈ ಸಲ ನಕ್ಕಿದ್ದಕ್ಕಿಂತ ಬಾಯಿ ತೆರೆದು ನಿಂತದ್ದೇ ಹೆಚ್ಚು.

ಪಟ್ಟಿ

ನಮ್ಮ ಸಂಘದಲ್ಲಿ ಒಬ್ಬ ಬಳೆ ಅಕ್ಕ ಇದ್ದಾಳೆ. ಬಳೆ ಮಾರುತ್ತಾಳೆ, ಅದಕ್ಕೇ ಆ ಹೆಸರು. ಹೋದ ವರ್ಷ ಎದೆಯಲ್ಲಿ ಗಂಟಾಗಿ ಆಪರೇಷನ್ ಆಯಿತು. ಆಮೇಲೆ ನರಕ್ಕೆ ಔಷಧಿ ಏರಿಸಲು ದೂರದ ದೊಡ್ಡಾಸ್ಪತ್ರೆಗೆ ಎರಡು ಸಲ ಒಬ್ಬಳೇ ಹೋದಳು. ಮೂರನೇ ಸಲ ಹೋಗಲಿಲ್ಲ. ಯಾಕೆ ಅಂದರೆ ಅಂಗಡಿ ಯಾರು ನೋಡುತ್ತಾರೆ ಅನ್ನುತ್ತಿದ್ದಳು. ಅಂಗಡಿ ನೋಡಲು ನಾವು ಹತ್ತು ಜನ ಇದ್ದೆವು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಗುರುತಿಲ್ಲದವರ ನಡುವೆ ದಿನವಿಡೀ ಕೂತು, ಉದುರುವ ಕೂದಲನ್ನು ಸೆರಗಲ್ಲಿ ಕಟ್ಟಿಕೊಂಡು ಬಂದದ್ದು ಅವಳಿಗೆ ಸಾಕಾಗಿತ್ತು. ಹೋಗದಿದ್ದರೆ ಏನಾಗುತ್ತದೆ ಎಂಬುದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರಿ ಬಂದದ್ದನ್ನು ಅವಳಿಗೇ ಕೊಡೋಣ ಅಂದೆವು. ಅವಳು ಮುಖ ತಿರುಗಿಸಿದಳು. "ನನಗ ಭಿಕ್ಷಾ ಹಾಕ್ತೀರೇನು? ಈ ಬ್ಯಾನಿಯವರಿಗೆ ದುಡಿಯೋ ಸಣ್ಣ ಸಂಸ್ಥಾ ಯಾವುದರ ಇದ್ರ ಹುಡುಕ್ರಿ, ಅದಕ್ಕ ಕೊಡ್ರಿ."

ಸಂಸ್ಥೆಯನ್ನು ಆರಿಸುವುದು ಹೇಗೆ? ಫೋನಿನಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ನಗುತ್ತಿದ್ದವು. ಆಗ ಅಧ್ಯಕ್ಷೆ ಹೇಳಿದಳು, ನಾವು ಇಲ್ಲಿ ತನಕ ಆರಿಸಿದ್ದು ಸೊಸೆಯಂದಿರನ್ನು ಮಾತ್ರ, ಅದೇ ಪದ್ಧತಿಯಲ್ಲಿ ಹೋಗೋಣ. ಹೇಳದೆ ಹೋಗಬೇಕು, ಅಡಿಗೆಮನೆ ನೋಡಬೇಕು, ನೆರೆಯವರನ್ನು ಕೇಳಬೇಕು.

ಹತ್ತನೇ ತನಕ ಓದಿದವಳು ನಾನೊಬ್ಬಳೇ ಆದ್ದರಿಂದ ಪ್ರಶ್ನೆಗಳ ಪಟ್ಟಿ ನನ್ನ ಪಾಲಿಗೆ ಬಂತು. ಕೈ ತಾನಾಗಿಯೇ ಮೊದಲ ಪ್ರಶ್ನೆ ಬರೆಯಿತು: ಮನೆಗೆಲಸ ಬರುತ್ತದೆಯೇ? ನಾಚಿಕೆಯಾಗಿ ಹೊಡೆದು ಹಾಕಲು ಹೋದೆ. ಬಳೆ ಅಕ್ಕ ಪೆನ್ನು ಹಿಡಿದಳು. "ಅದು ಇರ್ಲಿ ಬೇ. ಮುಖ್ಯದ್ದು ಅದ ಐತಿ."

ಲಿಂಗಸುಗೂರಿನ ಸಿಹಿ

ಮೊದಲು ಲಿಂಗಸುಗೂರಿಗೆ ಹೋದೆವು. ಅಧ್ಯಕ್ಷೆ, ಬಳೆ ಅಕ್ಕ, ಸೊಂಟದ ಮೇಲೆ ಎರಡು ವರ್ಷದ ಮಗಳನ್ನು ಹೊತ್ತ ನಾನು. ಅಂಗಡಿಗಳ ಮೇಲಿನ ಮಹಡಿ, ಕೋಣೆಗಿಂತ ಬೋರ್ಡೇ ದೊಡ್ಡದು. ಸಂಸ್ಥಾಪಕರು ಎದ್ದು ಕೈಮುಗಿದು ಆಲ್ಬಂ ತೆಗೆದರು. ಪ್ರತಿ ಫೋಟೋದಲ್ಲೂ ಒಂದು ಬಾಳೆಹಣ್ಣು, ಅದನ್ನು ಹಿಡಿದ ಎಂಟು ಕೈ, ನಡುವೆ ಶಾಲು ಹೊದ್ದ ಅವರು.

ಬಳೆ ಅಕ್ಕ ಬಗ್ಗಿ ನೋಡಿ, ಇದರಲ್ಲಿ ರೋಗಿ ಯಾರು ಅಂತ ಕೇಳಿದಳು. ಅವರು ಬಹಳ ಹುಡುಕಿ, ಮೂಲೆಯಲ್ಲಿ ಕಾಣುತ್ತಿದ್ದ ಒಂದು ಮೊಣಕೈ ತೋರಿಸಿದರು.

ನಿಮ್ಮ ರೊಟ್ಟಿ ಮಾರುವ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಯಾರು, ಬ್ಯಾನರಿನಲ್ಲಿ ತಮ್ಮ ಫೋಟೋ ಎಷ್ಟು ದೊಡ್ಡದು ಅಂತ ಅವರು ನಮ್ಮನ್ನೇ ಕೇಳಿದರು. ಆಮೇಲೆ ತಟ್ಟೆ ತುಂಬ ಮೈಸೂರು ಪಾಕು ಬಂತು. ಅಧ್ಯಕ್ಷೆ ನನ್ನ ತೊಡೆ ಚಿವುಟಿದಳು. ಹೆಣ್ಣಿನ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಂಡರೆ ಒಪ್ಪಿದ ಹಾಗೆ. ನಾವು ಮೂವರೂ ಸಕ್ಕರೆ ಕಾಯಿಲೆ ಅಂತ ಸುಳ್ಳು ಹೇಳಿದೆವು. ಅಷ್ಟರಲ್ಲಿ ನನ್ನ ಮಗಳು ಎರಡು ತಿಂದು ಮೂರನೆಯದಕ್ಕೆ ಕೈಹಾಕಿದ್ದಳು.

ಮಸ್ಕಿಯಲ್ಲಿ ಬಸ್ಸು ಇಳಿಯುವಾಗ ಅಧ್ಯಕ್ಷೆ ಹೇಳಿದಳು: "ನಾವು ನೋಡಾಕ ಹೋಗಿದ್ವಿ. ನಿನ್ನ ಮಗಳು ಲಗ್ನಾನ ಮುಗಿಸಿ ಬಂದ್ಳು."

ನೆರೆಯವರ ಮಾತು

ಸಿಂಧನೂರಿನಲ್ಲಿ ಒಂದು ಸಣ್ಣ ಸಂಸ್ಥೆ ಇದೆ ಅಂತ ಮುಕ್ಕುಂದದ ನಮ್ಮ ಬೀಗರು ಹೇಳಿದ್ದರು. ಪದ್ಧತಿಯಂತೆ ಒಳಗೆ ಹೋಗುವ ಮೊದಲು ಬೀದಿಯ ಹೂವಿನವಳನ್ನು ವಿಚಾರಿಸಿದೆವು. ಆ ಮನೆಯವರು ಹೇಗೆ, ನಡತೆ ಹೇಗೆ, ಸಿಡುಕೇ, ಸಮಾಧಾನವೇ?

ಬಂಗಾರದಂಥವರು ಅಂದಳು. ನಾವು ನೋಡಲು ಬಂದೀವಿ ಅಂದೆವು. ಹೂವಿನವಳು ಕಟ್ಟುತ್ತಿದ್ದ ಮಾಲೆ ಕೆಳಗಿಟ್ಟಳು. "ಇಬ್ಬರಿಗೂ ಅರವತ್ತು ದಾಟ್ಯಾವ ರೀ. ವರ ಎಂಥಾವ ಅದಾನ?"

ಎರಡು ಕುರ್ಚಿ

ಟೇಲರ್ ಅಂಗಡಿಯ ಹಿಂದೆ ಒಂದೇ ಕೋಣೆ, ಎರಡೇ ಕುರ್ಚಿ, ಬೋರ್ಡಿಲ್ಲ. ಒಬ್ಬರು ನಿವೃತ್ತ ನರ್ಸಮ್ಮ. ಇನ್ನೊಬ್ಬರು ಇದೇ ಕಾಯಿಲೆ ದಾಟಿ ಬಂದ ಅಜ್ಜಿ. ಎದೆ ತೆಗೆಸಿಕೊಂಡವರು ಕುಪ್ಪಸದೊಳಗೆ ಇಟ್ಟುಕೊಳ್ಳಲು ಹತ್ತಿಯ ಮೆತ್ತನೆ ಚೀಲ ಹೊಲಿಯುತ್ತಿದ್ದರು. ತೂಕ ಸರಿಬರಲು ಒಳಗೆ ಸಾಸಿವೆ ತುಂಬಿತ್ತು.

"ಮೊದಲ ಜ್ವಾಳ ತುಂಬಿದ್ವಿ," ಅಂದರು ಅಜ್ಜಿ. "ಒಬ್ಬಾಕಿ ಬಂದು ಎದಿಯಾಗ ಹುಳ ಬಿದ್ದಾವ ಅಂದ್ಳು."

ಬಳೆ ಅಕ್ಕ ನಕ್ಕಳು. ಎಷ್ಟೋ ತಿಂಗಳಿಂದ ಅವಳು ನಕ್ಕಿದ್ದು ನಾನು ಕಂಡಿರಲಿಲ್ಲ.

ಅವರಲ್ಲಿ ಒಬ್ಬರಾದರೂ ಪ್ರತಿ ವಾರ ಒಬ್ಬ ರೋಗಿಯ ಜೊತೆ ಬಸ್ಸು ಹತ್ತುತ್ತಾರೆ, ಔಷಧಿ ಮುಗಿಯುವ ತನಕ ಪಕ್ಕದಲ್ಲೇ ಕೂತಿರುತ್ತಾರೆ, ಮನೆ ಬಾಗಿಲಿಗೆ ಬಿಟ್ಟು ಬರುತ್ತಾರೆ. ಅಷ್ಟೇ ಸಂಸ್ಥೆ. ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ, ನನ್ನ ಅತ್ತೆಯನ್ನು ಕೇಳಿ. ಆವತ್ತು ಮಾತ್ರ ಪಟ್ಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕೇಳಿದ್ದು ನರ್ಸಮ್ಮ. ಬಳೆ ಅಕ್ಕನ ತಲೆಯ ಮೇಲಿನ ಬಿಗಿ ಸೆರಗು ನೋಡಿ, ಎಷ್ಟನೆಯದು ಬಿಟ್ಟಿರಿ ಅಂದರು. ಮೂರನೆಯದು ಅಂದಳು ಬಳೆ ಅಕ್ಕ, ಪಾಠ ಒಪ್ಪಿಸದ ಹುಡುಗಿಯ ಹಾಗೆ.

"ಮಂಗಳವಾರ ಏಳಕ್ಕ ಬಸ್ಸು ಮಸ್ಕಿಗೆ ಬರ್ತದ. ಕಿಟಕಿ ಸೀಟು ಹಿಡಕೊಂಡು ನಾ ಒಳಗ ಕುಂತಿರ್ತೀನಿ. ವಾಂತಿ ಬಂದ್ರ ಹೇಳೋದೂ ಬ್ಯಾಡ, ಚೀಲ ನನ್ನ ಕೈಯಾಗ ಇರ್ತದ."

ನೋಡೋಣ ಅಂದಳು ಬಳೆ ಅಕ್ಕ. ನೋಡೋಣ ಅಂದರೆ ನಮ್ಮ ಕಡೆ ಇಲ್ಲ ಅಂತಲೇ ಅರ್ಥ. ಹೊರಗೆ ಬಂದ ಮೇಲೆ ಅಧ್ಯಕ್ಷೆ ಬೀದಿಯಲ್ಲೇ ನಿಂತುಬಿಟ್ಟಳು. "ನೋಡಾಕ ಬಂದವರು ನಾವು. ನೋಡಿ ಒಪ್ಪಿಕೊಂಡವರು ಅವರು."

ಒಂದೇ ಕೈ

ಭಾನುವಾರ ಮಾರಲು ಇಟ್ಟ ರೊಟ್ಟಿ ಮಧ್ಯಾಹ್ನದೊಳಗೆ ಖಾಲಿಯಾಯಿತು, ದುಡ್ಡು ಸಿಂಧನೂರಿನವರಿಗೆ ಅಂತ ಎತ್ತಿಟ್ಟೆವು. ನಮಗೆ ಚಿಂತೆ ಇದ್ದದ್ದು ಮಂಗಳವಾರದ್ದು.

ಏಳಕ್ಕೆ ಬಸ್ಸು ಬಂತು. ಬಳೆ ಅಕ್ಕನೂ ಬಂದಳು, ಹೆಗಲ ಮೇಲೆ ಬಳೆಯ ಗೊಂಚಲು ಹೊತ್ತುಕೊಂಡು. ಆಸ್ಪತ್ರೆಗೆ ಬಳೆ ಯಾಕೆ ಅಂದರೆ, ಸುಮ್ಮನೆ ಕೂತು ಏನು ಮಾಡಲಿ ಅಂದಳು.

ಮುಂದಿನದನ್ನು ನರ್ಸಮ್ಮ ಹೇಳಿದ್ದು. ವಾರ್ಡಿನಲ್ಲಿ ಬಳೆ ಅಕ್ಕನಲ್ಲದೆ ಇನ್ನೂ ಏಳು ಹೆಂಗಸರು ಸಾಲಾಗಿ ಕೂತಿದ್ದರಂತೆ, ಎಲ್ಲರ ಒಂದು ಕೈಗೆ ಸೂಜಿ. ಬಳೆ ಅಕ್ಕ ತನ್ನ ಬಾಟಲಿಯ ಕಂಬವನ್ನು ಉರುಳಿಸಿಕೊಂಡೇ ಒಬ್ಬೊಬ್ಬರ ಹತ್ತಿರ ಹೋಗಿ, ಸೂಜಿಯಿಲ್ಲದ ಕೈಗೆ ಬಳೆ ತೊಡಿಸಿದಳಂತೆ. ಹಿಡಿದುಕೊಡಲು ನರ್ಸಮ್ಮ, ತೊಡಿಸಲು ಬಳೆ ಅಕ್ಕನ ಒಂದೇ ಕೈ. ಗಂಡ ತೀರಿದ ಒಬ್ಬಳು ಕೈ ಹಿಂದಕ್ಕೆ ಎಳೆದುಕೊಂಡಾಗ, ಇಲ್ಲಿ ನಿನ್ನ ಕೇಳುವವರು ಯಾರು ಅಂತ ಅವಳಿಗೂ ಹಸಿರು ಬಳೆ ತೊಡಿಸಿದಳಂತೆ. ಸೂಜಿ ತೆಗೆದ ಮೇಲೆ ಎಲ್ಲರೂ ಇನ್ನೊಂದು ಕೈ ಚಾಚಿದರೆ, ಗೊಂಚಲು ಕಟ್ಟಿಟ್ಟಳಂತೆ. ಇನ್ನೊಂದು ಕೈ ಮುಂದಿನ ಸಲ.

ಮರುದಿನ ಬಳೆ ಅಕ್ಕನ ಮನೆಗೆ ಹೋಗಿ ನೋಡಿದರೆ ಮುಖ ಬೂದಿಯ ಹಾಗಾಗಿತ್ತು, ಗೋಡೆಗೆ ಒರಗಿದ್ದಳು. ಪಾಪ, ಅವರನ್ನು ಒಂದು ಕೈ ಬೋಳು ಮಾಡಿ ಕಳಿಸಿದೆಯಲ್ಲ ಅಂದೆ.

"ಒಂದು ಕೈ ಬೋಳು ಇಟ್ಕೊಂಡು ಯಾವ ಹೆಣ್ಮಗಳು ಮನ್ಯಾಗ ಕುಂದ್ರತಾಳ? ಔಷಧಿಗೆ ಬರದಿದ್ರೂ ಬಳಿ ತೊಡಾಕರ ಬರ್ತಾರ."

ಮತ್ತೆ ನೀನು ಹೋಗುತ್ತೀಯಾ ಅಂತ ಮೆಲ್ಲಗೆ ಕೇಳಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಹೋಗದ ಏನ್ ಮಾಡ್ಲಿ ಬೇ. ಏಳು ಕೈ ಬಾಕಿ ಅದಾವ."