ಖಾಯಂ ಶ್ರುತಿ, ಹಂಗಾಮಿ ಶ್ರುತಿ

ಸಮುದಾಯ ಭವನದಲ್ಲಿ ನುಡಿಸಲಾಗುವ ಹಾಡುಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕೆಂಬುದು ನಗರಸಭೆಯ ಬಹುಕಾಲದ ಕಾಳಜಿಯಾಗಿತ್ತು. ಈ ಕಾಳಜಿಯಿಂದಲೇ ಭವನಕ್ಕೆ ಒಂದು ಕಂಪ್ಯೂಟರ್, ಅದರೊಳಗೆ ಡಿಜೆ ಸಾಫ್ಟ್‌ವೇರ್, ಅದರ ಮುಂದೆ ಕೂರಲು ಒಬ್ಬ ಡಿಜೆ ಮಂಜೂರಾದರು. ಕುರ್ಚಿ ಮಂಜೂರಾಗಲಿಲ್ಲ. ಡಿಜೆಗಳು ನಿಂತೇ ಕೆಲಸ ಮಾಡುತ್ತಾರೆಂದು ತಿಳಿದುಬಂದ ಮೇಲೆ ಈ ಲೋಪವನ್ನು ಉಳಿತಾಯವೆಂದು ಪರಿಗಣಿಸಲಾಯಿತು.

ಸಾಫ್ಟ್‌ವೇರ್ ತೆರೆದ ಕೂಡಲೇ ಒಂದು ಪ್ರಶ್ನೆ ಕೇಳಿತು. ಪ್ರತಿ ಹಾಡಿನ ಶ್ರುತಿಯನ್ನು ನಾನೇ ಕಂಡುಹಿಡಿದು ಪಕ್ಕದಲ್ಲಿ ಬರೆಯುತ್ತೇನೆ. ಸಿ, ಡಿ, ಇ ಎಂದು ಅಕ್ಷರದಲ್ಲಿ ಬರೆಯಲೋ, ಗಡಿಯಾರದ ಹಾಗೆ ಅಂಕಿಯಲ್ಲಿ ಬರೆಯಲೋ, ಇಲ್ಲಾ ನೀವೇ ಹೆಸರಿಡುತ್ತೀರೋ? ಡಿಜೆ ಅಂಕಿಯ ಕಡೆ ಬೆರಳು ಒಯ್ಯುವಷ್ಟರಲ್ಲಿ ಭವನದ ಮೇಲ್ವಿಚಾರಕಿ ಬೆನ್ನ ಹಿಂದೆ ಬಂದು ನಿಂತರು.

"ಏನಪ್ಪಾ ಒತ್ತುತಾ ಇದ್ದೀಯ?"

"ಅಂಕಿ, ಮೇಡಂ. ಅಕ್ಕಪಕ್ಕದ ಅಂಕಿಯ ಹಾಡುಗಳನ್ನ ಬೆರೆಸಿದ್ರೆ ಹಿತವಾಗಿರುತ್ತೆ."

"ಯಾರನ್ನ ಕೇಳಿ ಒತ್ತುತಾ ಇದ್ದೀಯ?"

"ಕಿವೀನ ಕೇಳಿ."

"ಕಿವಿಗೆ ಸಹಿ ಮಾಡೋ ಅಧಿಕಾರ ಇಲ್ಲಪ್ಪಾ."

ಡಿಜೆಗೆ ಅವಸರವಿತ್ತು. ಬರುವ ಭಾನುವಾರ ಇದೇ ಭವನದಲ್ಲಿ ಅವನ ತಂಗಿಯ ಮದುವೆ. ಅಮ್ಮ ಹೊಲಿಗೆ ಮಷಿನ್ ತುಳಿಯುತ್ತಾ ಗುನುಗುತ್ತಿದ್ದ ಹಳೆಯ ಹಾಡೊಂದು ಅವಳಿಗೆ ಬೇಕಿತ್ತು. "ಅಣ್ಣಾ, ನಾನು ಒಳಗೆ ಕಾಲಿಡುವಾಗ ಅದು ಗೊತ್ತೇ ಆಗದ ಹಾಗೆ ಶುರುವಾಗ್ಬೇಕು. ಇಷ್ಟು ಮಾಡ್ಕೊಡು, ಇನ್ನೇನೂ ಕೇಳಲ್ಲ" ಎಂದಿದ್ದಳು.

ಹೀಗಾಗಿ ಶ್ರುತಿ ನಾಮಕರಣ ಸಮಿತಿ ತುರ್ತಾಗಿ ಸೇರಿತು. ಮೇಲ್ವಿಚಾರಕಿ ಅಧ್ಯಕ್ಷರು; ಲೆಕ್ಕಾಧಿಕಾರಿ ಮತ್ತು ನೌಕರರ ಸಂಘದ ಕಾರ್ಯದರ್ಶಿ ಸದಸ್ಯರು. ಅಕ್ಷರಗಳನ್ನು ಕೂಡಿಸಿ ಮೊತ್ತ ತೆಗೆಯಲಾಗದೆಂದು ಲೆಕ್ಕಾಧಿಕಾರಿ ಅವನ್ನು ತಿರಸ್ಕರಿಸಿದರು. ಅಂಕಿ ಕೊಟ್ಟರೆ ಒಂದನೆಯ ಹಾಡು ಹನ್ನೆರಡನೆಯದರ ಮೇಲೆ ದರ್ಪ ತೋರಿಸುವುದೆಂದು ಅಧ್ಯಕ್ಷರು ಅಂಕಿಯನ್ನು ತಿರಸ್ಕರಿಸಿದರು. ಬಿಸ್ಕತ್ತು ಮುಗಿದದ್ದರಿಂದ ಚರ್ಚೆ ಮುಂದಿನ ಹಂತಕ್ಕೆ ಹೋಯಿತು.

"ಹಾಡುಗಳ ಪಕ್ಕ ಬರೆದಿರೋ ಈ ಮೇಜರ್, ಮೈನರ್ ಅಂದ್ರೇನು?" ಕಾರ್ಯದರ್ಶಿ ಕೇಳಿದರು.

"ಒಂದು ಖುಷಿಯಾಗಿ ಕೇಳುತ್ತೆ ಸಾರ್, ಇನ್ನೊಂದು ಸ್ವಲ್ಪ ದುಃಖವಾಗಿ," ಎಂದ ಡಿಜೆ.

"ಅಷ್ಟೇನಾ! ಖುಷಿಯಾಗಿರೋದು ಖಾಯಂ, ದುಃಖದಲ್ಲಿರೋದು ಹಂಗಾಮಿ. ನಮ್ಮ ಕಚೇರಿಯಲ್ಲಿ ಇರೋದೇ ತಾನೆ?"

ಸರ್ವಾನುಮತದಿಂದ ಅಂಗೀಕಾರವಾಯಿತು. ಆದರೆ ಮರುಗಳಿಗೆಯೇ ಕಾರ್ಯದರ್ಶಿ ಮತ್ತೆ ಎದ್ದು ನಿಂತರು. ಇಷ್ಟು ವರ್ಷ ನಿಯತ್ತಾಗಿ ಜನರನ್ನು ಅಳಿಸಿದ ಹಾಡುಗಳನ್ನು ಇನ್ನೂ ಹಂಗಾಮಿಯಾಗಿ ಇಟ್ಟುಕೊಳ್ಳುವುದು ಶೋಷಣೆ. ಹಿರಿತನದ ಮೇಲೆ ಅವನ್ನೂ ಖಾಯಂ ಮಾಡತಕ್ಕದ್ದು ಎಂದರು. ಅದೂ ಅಂಗೀಕಾರವಾಯಿತು. ಮೊದಲು ಖಾಯಂ ಆದದ್ದು ಅಮ್ಮನ ಹಾಡು; ಭವನದ ಸಂಗ್ರಹದಲ್ಲಿ ಅದಕ್ಕಿಂತ ಹಳೆಯದು ಇರಲಿಲ್ಲ. ಇನ್ನು ಮುಂದೆ ಖಾಯಂ ಹಾಡಿನೊಂದಿಗೆ ಹಿರಿತನದಲ್ಲಿ ಅದರ ನಂತರದ ಖಾಯಂ ಹಾಡನ್ನೇ ಬೆರೆಸಬೇಕೆಂಬ ನಿಯಮವೂ ಬಂತು. ಅಮ್ಮನ ಹಾಡಿನ ನಂತರದ್ದು ಕಹಳೆ-ನಗಾರಿಯ ಒಂದು ಕವಾಯತು ಹಾಡಾಗಿತ್ತು.

ಡಿಜೆ ಕೈಮುಗಿದ. "ಸಾರ್, ಹೆಸರು ಬದಲಾಯಿಸಿದ್ರೆ ಹಾಡು ಬದಲಾಗಲ್ಲ. ಇವೆರಡೂ ಸೇರಿದ್ರೆ ಕಿವಿ ಕಿತ್ತುಹೋಗುತ್ತೆ."

ಲೆಕ್ಕಾಧಿಕಾರಿ ಸಮಾಧಾನದಿಂದ ಹೇಳಿದರು: "ಬಡ್ತಿ ಸಿಕ್ಕಿದ ಮೇಲೆ ನಾನೂ ಬದಲಾಗಿಲ್ಲಪ್ಪಾ. ಆದ್ರೂ ಎಲ್ಲರೂ ಎದ್ದು ನಿಲ್ತಾರಲ್ಲ?"

ಭಾನುವಾರ ಸಮಿತಿ ಪೂರ್ಣ ಸಂಖ್ಯೆಯಲ್ಲಿ ಹಾಜರಿತ್ತು. ಬಾಗಿಲಲ್ಲಿ ವಧು ಕಾಣಿಸಿಕೊಂಡಳು. ಡಿಜೆ ನಿಯಮದಂತೆ ಕವಾಯತು ಹಾಡಿನ ಮೇಲೆ ಅಮ್ಮನ ಹಾಡನ್ನು ಹಾಕಿದ. ಕಬ್ಬಿಣದ ಬೀರುವನ್ನು ಕಲ್ಲುನೆಲದ ಮೇಲೆ ಎಳೆದಂಥ ಸದ್ದು ಭವನವನ್ನು ತುಂಬಿತು. ಅವನ ಕೈ ತಾನಾಗಿಯೇ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಮೇಲ್ವಿಚಾರಕಿ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

ತಂಗಿ ಅಲ್ಲೇ ನಿಂತಳು. ಅಣ್ಣನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಲೆಕ್ಕಾಧಿಕಾರಿ ಚಪ್ಪಾಳೆ ತಟ್ಟಿದರು. ಅಧಿಕಾರಿಯೊಬ್ಬರು ತಟ್ಟಿದ ಮೇಲೆ ಇದು ಹೊಸ ಮಾದರಿ ಇರಬೇಕೆಂದು ಸೋದರಮಾವ ತಟ್ಟಿದರು, ಅವರನ್ನು ನೋಡಿ ಬೀಗರು ತಟ್ಟಿದರು. ವಧು ನಡೆದು ಬಂದಳು. ಮುಂದಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಡು ಮನಮುಟ್ಟಿದ ಲಕ್ಷಣವೆಂದು ಸಮಿತಿ ಭಾವಿಸಿತು.

ಊಟವಾದ ಮೇಲೆ ತಂಗಿ ಬಂದು ಕೇಳಿದಳು. "ಅಣ್ಣಾ, ಅದು ಅಮ್ಮನ ಹಾಡೇನಾ?"

"ಹೌದು ಕಣೇ. ಖಾಯಂ ಆಗಿದೆ."

"ಹೌದಾ?" ಅವಳು ಕೊರಳ ಹಾರ ಸರಿಪಡಿಸಿಕೊಂಡಳು. "ಹೋಗ್ಲಿ, ನಮ್ಮ ಮನೇಲಿ ಒಬ್ರಿಗಾದ್ರೂ ಖಾಯಂ ಆಯ್ತಲ್ಲ."

ಮರುವಾರ ಇನ್ನೊಂದು ಮದುವೆಯವರು ಭವನ ಕಾದಿರಿಸಲು ಬಂದರು. ಹುಡುಗಿಯ ತಂದೆ ಡಿಜೆಯನ್ನು ಪಕ್ಕಕ್ಕೆ ಕರೆದು, "ನೋಡಪ್ಪಾ, ನಮಗೂ ಖಾಯಂ ಸಂಗೀತಾನೇ ಬೇಕು. ಹಿತವಾಗಿರೋದೇನಾದ್ರೂ ಹಾಕಿ ಬೀಗರ ಮುಂದೆ ನಮ್ಮ ಮಾನ ಕಳೀಬೇಡ," ಎಂದರು.

"ಛೆ ಛೆ, ಎಲ್ಲಾದ್ರೂ ಉಂಟೆ!" ಎಂದ ಡಿಜೆ. ಅವನಿಗೂ ಈಚೆಗೆ ಎರಡು ಹಾಡುಗಳು ಹೊಂದಿಕೊಂಡು ಕೇಳಿಸಿದರೆ, ಎಲ್ಲೋ ಏನೋ ತಪ್ಪಾಗಿದೆ ಅನ್ನಿಸತೊಡಗಿತ್ತು.