ಕಟ್ಟೆಗೆ ಬಂದ ಬೆಳಕು

ಕತ್ತಲೆ ಯಾರ್ಯಾರ ಮರ್ಯಾದೆ ಕಾಪಾಡಿಕೊಂಡು ಬಂದಿದೆ ಎಂಬುದು ದೀಪ ಹಾಕಿಸುವವರೆಗೂ ಗೊತ್ತಾಗುವುದಿಲ್ಲ. ನನ್ನದನ್ನಂತೂ ಅದು ಇಪ್ಪತ್ತು ವರ್ಷ ಕಾಪಾಡಿತ್ತು. ಇಂಡಿ ಪಟ್ಟಣದ ನಮ್ಮ ಮನೆಯ ಮುಂದೆ ಉದ್ದನೆಯ ಕಲ್ಲಿನ ಕಟ್ಟೆಯಿದೆ. ಬೇಸಿಗೆಯ ಸಂಜೆ ಅದಕ್ಕೆ ನೀರು ಚಿಮುಕಿಸಿ ಗೋಡೆಗೊರಗಿ ಕೂತರೆ, ಎರಡು ಮನೆ ಆಚೆ ಮಗಳ ಜೊತೆಗಿರುವ ನನ್ನ ಸೋದರತ್ತೆ ನೀಲವ್ವ ಬೀಸಣಿಕೆ ಹಿಡಿದು ಬರುತ್ತಿದ್ದಳು. ತಾನೂ ಬೀಸಿಕೊಂಡು, ನಡುನಡುವೆ ನನಗೂ ಒಂದೆರಡು ಸಲ ಬೀಸಿ ಕಥೆ ತೆಗೆಯುವಳು. ಕಥೆ ಎಂದೂ ಒಂದೇ. ಹಳೆಯ ಕೊಲ್ಹಾರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಮಾವ ಮನೆಯ ಬಾಗಿಲು ಕಿತ್ತು ಬಂಡಿಗೇರಿಸಿದ್ದ. ಅತ್ತೆ ಅಂದು ಬೆಳಿಗ್ಗೆ ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದಂತೆ ಹೊಸ ಊರಿಗೆ ಬಂದಿದ್ದಳು. ನಾನು ಕತ್ತಲಲ್ಲಿ "ಹೂಂ" ಎನ್ನುತ್ತಿದ್ದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ನಿದ್ದೆಯಲ್ಲೂ ಹೂಂಗುಟ್ಟುವುದು ಕಷ್ಟವಲ್ಲ.

ಈ ವರ್ಷ ಅತ್ತೆಯ ಕೈ ಸೋತದ್ದು ಕಂಡು ನನಗೆ ಕನಿಕರವಾಯಿತು. ಕಟ್ಟೆಯ ಮೇಲೆ ತಗಡು ಹೊದಿಸಿ, ಎಲೆಕ್ಟ್ರಿಷಿಯನ್ ರಾಜೇಸಾಬನನ್ನು ಕರೆಸಿದೆ. ಒಂದು ದೀಪ ಹಾಕಿ, ಪಡಸಾಲೆಯ ಹಳೆ ಫ್ಯಾನನ್ನೇ ತೂಗುಹಾಕೆಂದರೆ ಅವನು ಏಣಿ ಹತ್ತಲೇ ಇಲ್ಲ.

"ಇದು ಹೊರಗ ನಡಿಯೂದಿಲ್ರಿ ಸರ. ಮಳಿ ಸಿಡಿದ್ರ ಶಾಕ್ ಹೊಡಿತೈತಿ. ನೀರು ತಡಿಯೂ ಫ್ಯಾನ್ ತರ್ರಿ, ವೈರು ಪೈಪಿನ್ಯಾಗ ಹಾಯಿಸ್ತೇನಿ, ಸ್ವಿಚ್ಚು ಒಳಗಿರ್ಲಿ."

"ಅಂವಾ ಹೇಳಿದ್ದ ತರ್ರಿ. ನಿಮ್ಮ ಶ್ಯಾಣ್ಯಾತನ ಸಾಲ್ಯಾಗ ಸಾಕಿತ್ತು," ಎಂದಳು ಹೆಂಡತಿ.

ಹೊಸ ಫ್ಯಾನು ತಂದೆ. ಅತ್ತೆಯ ಕೈಯಿಂದಲೇ ಸ್ವಿಚ್ಚು ಒತ್ತಿಸಿದೆವು. ದೀಪ ಹತ್ತಿತು, ಫ್ಯಾನು ತಿರುಗಿತು. ಅತ್ತೆ ಮೇಲೆ ನೋಡಿ ಮಗುವಿನಂತೆ ನಕ್ಕಳು. ಕಥೆ ಶುರುವಾಯಿತು, ತಂಪಿಗೆ ನನ್ನ ಕಣ್ಣು ಮುಚ್ಚಿದವು. ಎಚ್ಚರಾದಾಗ ಅತ್ತೆ ಇರಲಿಲ್ಲ.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ನಾನೇ ಹೋದೆ.

"ಫ್ಯಾನಿನ ಗಾಳಿ ನನಗ ಒಗ್ಗೂದಿಲ್ಲೋ ತಮ್ಮಾ," ಎಂದಳು. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಬೀಸಣಿಕೆ ಬದಿಗಿಟ್ಟು ಹೇಳಿದಳು: "ನೀ ಕಣ್ಣ ಮುಚ್ಚಿ ಹೂಂ ಅನ್ನಾಕತ್ತಿದ್ದಿ. ನಾ ಕಥಿ ನಿಲ್ಲಿಸಿದ ಮ್ಯಾಗೂ ಹೂಂ ಅಂದಿ. ಇಷ್ಟ ವರ್ಷ ನಾ ಯಾರಿಗೆ ಹೇಳಿದ್ನೋ ಏನೋ."

ಶಾಲಾ ತಪಾಸಣೆಗೆ ಬಂದ ಯಾವ ಸಾಹೇಬರ ಮುಂದೆಯೂ ನಾನು ಅಷ್ಟು ತಲೆ ತಗ್ಗಿಸಿರಲಿಲ್ಲ. "ಅತ್ತಿ, ಇವತ್ತ ನಾ ಹೇಳ್ತೇನಿ, ನೀ ಕೇಳು," ಎಂದು ಕೈ ಹಿಡಿದು ಕರೆತಂದೆ. ದೀಪ ಆರಿಸಲಿಲ್ಲ, ನನ್ನ ಕಣ್ಣು ಅವಳಿಗೆ ಕಾಣಲಿ ಎಂದು ಅದರ ಕೆಳಗೇ ಕೂತೆ.

"ಹಳೇ ಕೊಲ್ಹಾರದಿಂದ ನೀ ಮಜ್ಜಿಗಿ ಗಡಿಗಿ ತಗೊಂಡು..."

"ಮಜ್ಜಿಗಿ ಅಲ್ಲೋ! ಹೆಪ್ಪು ಹಾಕಿದ ಹಾಲು. ಬಂಡಿ ಇಳಿಯೂತನಕ ಮುಚ್ಚಳ ತಗದಿಲ್ಲ ನಾ."

"ಮಾವ ಕಪಾಟು ಹೊತ್ತು..."

"ಬಾಗಿಲಾ! ಹೊಸ ಊರಾಗ ಇನ್ನೂ ಗೋಡಿನ ಇರಲಿಲ್ಲ, ಆ ಬಾಗಿಲಾ ಬೇವಿನ ಗಿಡಕ್ಕ ಆನಿಸಿಟ್ಟು, ಅದರ ಮುಂದ ಕುಂತು ಗಡಿಗಿ ತಗದ್ವಿ. ಕೆನಿಗಟ್ಟಿದ ಮೊಸರು! ಆಗ ನಿಮ್ಮ ಮಾವ ಅತ್ತ. ಊರು ಬಿಡೂವಾಗ ಅಳದಾಂವ, ಮೊಸರು ಉಣಕೋತ ಅತ್ತ."

ಆ ಅಳುವನ್ನು ನಾನು ಆ ದಿನವೇ ಮೊದಲು ಕೇಳಿದ್ದು. ಅತ್ತೆ ಅದನ್ನು ಎಷ್ಟು ನೂರು ಸಲ ಹೇಳಿದ್ದಳೋ.

ಈಗ ದಿನವೂ ಕಥೆ ಹೇಳುವುದು ನಾನೇ, ತಪ್ಪು ತಿದ್ದುವುದು ಅತ್ತೆ. ಅರವತ್ತು ದಾಟಿದ ಮೇಲೆ ಮತ್ತೆ ಒಂದನೇ ಇಯತ್ತೆಗೆ ಸೇರಿದ್ದೇನೆ; ಈ ವರ್ಷ ಪಾಸಾಗುವ ಲಕ್ಷಣವಿಲ್ಲ.